ಹಂಗಾಮಿಯ ಒಂದು ಗುಟುಕು

ಎಲ್ಲ ರಗಳೆಗೂ ಕಾರಣ ಒಂದು ಬಾಟಲಿ. ಮೊಣಕೈ ಉದ್ದದ, ಕಪ್ಪು ಗಾಜಿನ, ಬಿರಡೆಯ ಮೇಲೆ ತಂತಿ ಬಿಗಿದಿದ್ದ ಬಾಟಲಿ. ಬೆಳಿಗ್ಗೆ ಹತ್ತಕ್ಕೆ ಟೀ ಕಂಪನಿಯ ಯಜಮಾನರು ಅದನ್ನು ಹಸುಗೂಸನ್ನು ಎತ್ತಿಕೊಂಡ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು, ರುಚಿ ನೋಡುವ ಕೋಣೆಯ ಬಿಳಿ ಮೇಜಿನ ಮೇಲೆ ಇಟ್ಟರು.

"ಇದು ಬೆಲ್ಜಿಯಂ ದೇಶದ ಕಪ್ಪು ಬಿಯರು. ನನ್ನ ಭಾವಮೈದ ಹಡಗಲ್ಲಿ ತರಿಸಿದಾನೆ. ಅವನಿಗೆ ತರಿಸೋದು ಗೊತ್ತು, ರುಚಿ ಗೊತ್ತಿಲ್ಲ. ನೂರಕ್ಕೆ ಎಷ್ಟು ಅಂಕ ಅಂತ ಬಲ್ಲವರ ಕೈಲಿ ಬರೆಸಿ ಬಾಟಲಿ ಮೇಲೆ ಅಚ್ಚು ಹಾಕಿಸ್ತಾನಂತೆ. ನಮ್ಮಲ್ಲಿ ಒಂದು ನಾಲಿಗೆ ಇದೆ, ಅದರ ಮುಂದೆ ಯಾರ ಆಟವೂ ನಡೆಯಲ್ಲ ಅಂತ ಹೇಳಿಬಿಟ್ಟಿದೀನಿ. ನಾಲ್ಕು ಗಂಟೆಗೆ ಅವನನ್ನ ಕರಕೊಂಡು ಬರ್ತೀನಿ. ವರದಿ ಸಿದ್ಧ ಇರಲಿ."

ಆ ನಾಲಿಗೆಯ ಒಡೆಯನೇ ನಮ್ಮ ಕಥಾನಾಯಕ. ಇಪ್ಪತ್ತೆರಡು ವರ್ಷಗಳಿಂದ ಅದೇ ಕೋಣೆಯಲ್ಲಿ ಟೀ ರುಚಿ ನೋಡುತ್ತಾ ಬಂದವನು. ಹನ್ನೊಂದು ವರ್ಷಗಳ ಹಿಂದೆ ಮುಖ್ಯ ರುಚಿಗಾರರು ನಿವೃತ್ತರಾದಾಗ ಯಜಮಾನರು, "ಸದ್ಯಕ್ಕೆ ನೀನು ನೋಡ್ಕೋ" ಎಂದು ಇವನನ್ನು ಹಂಗಾಮಿ ಮುಖ್ಯ ರುಚಿಗಾರನನ್ನಾಗಿ ಮಾಡಿದ್ದರು. ಆ ಸದ್ಯ ಎನ್ನುವುದು ಇನ್ನೂ ಮುಗಿದಿರಲಿಲ್ಲ. ಕಂಪನಿಯಲ್ಲಿ ಎಲ್ಲರೂ ಅವನನ್ನು ಹಂಗಾಮಿ ಎಂದೇ ಕರೆಯುತ್ತಿದ್ದರು. ಸಿಟ್ಟು ಬಂದಾಗ ಮನೆಯಲ್ಲಿ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು.

"ಸರ್, ನಾನು ಈ ತನಕ ಬಿಯರು ಮುಟ್ಟಿದವನಲ್ಲ" ಎಂದ ಹಂಗಾಮಿ.

"ಅದಕ್ಕೇ ಒಳ್ಳೇದು. ಖಾಲಿ ಸ್ಲೇಟಿನ ಮೇಲೆ ಅಕ್ಷರ ಚೆನ್ನಾಗಿ ಮೂಡುತ್ತೆ" ಎಂದ ಯಜಮಾನರು ಬಾಗಿಲ ತನಕ ಹೋಗಿ ತಿರುಗಿದರು. "ಈ ಕೆಲಸ ಸರಿಯಾಗಿ ಆದ್ರೆ ಆ ಖಾಯಂ ಆರ್ಡರಿಗೆ ಇವತ್ತೇ ಸಹಿ ಹಾಕ್ತೀನಿ. ಎಷ್ಟು ದಿನ ಅಂತ ಹಂಗಾಮಿ ಆಗೇ ಇರ್ತೀಯ."

ಹಂಗಾಮಿಯ ಎದೆ ಒಂದು ಸಲ ನಿಂತು ಮತ್ತೆ ಹೊರಟಿತು. ಯಜಮಾನರು ಕಣ್ಮರೆಯಾದದ್ದೇ ತಡ, ಟೈಪಿಸ್ಟ್ ಅಕ್ಕ ಒಳಗೆ ಬಂದು ಪಿಸುಗುಟ್ಟಿದಳು. "ಆರ್ಡರು ನಾನೇ ಟೈಪ್ ಮಾಡಿದೀನಿ. ಅವರ ಡ್ರಾಯರಲ್ಲಿದೆ. ಹೆಸರಿನ ಜಾಗ ಮಾತ್ರ ಖಾಲಿ ಬಿಡು ಅಂದ್ರು, ಕೈಯಾರೆ ಬರೀತಾರಂತೆ. ನನ್ನ ಬಾಯಿಂದ ಹೊರಗೆ ಬಂತು ಅಂತ ಯಾರಿಗೂ ಹೇಳಬೇಡಿ." ಅಷ್ಟರೊಳಗೆ ಈ ಗುಟ್ಟನ್ನು ಅವಳೇ ನಾಲ್ಕು ಜನಕ್ಕೆ ಹೇಳಿ ಬಂದಿದ್ದಳು.

ಖಾಯಂ ಎಂದರೆ ಹಂಗಾಮಿಗೆ ಬರೀ ಪದವಿಯಲ್ಲ. ಖಾಯಂ ಮುಖ್ಯ ರುಚಿಗಾರನ ನಾಲಿಗೆಗೆ ವಾರಕ್ಕೆ ಒಂದೇ ದಿನ ಕೆಲಸ. ಮಿಕ್ಕ ದಿನ ಕೈಕೆಳಗಿನವರು ನೋಡಿಕೊಳ್ಳುತ್ತಾರೆ. ಹಂಗಾಮಿಗಾದರೋ ದಿನಾ ಅರವತ್ತು ಕಪ್ಪು. ಹಾಗಾಗಿ ಅವನ ಮನೆಯ ಅಡಿಗೆಯಲ್ಲಿ ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಖಾರವಂತೂ ಇಲ್ಲವೇ ಇಲ್ಲ. ಗಂಡನ ನಾಲಿಗೆ ಕೆಡಬಾರದೆಂದು ಹೆಂಡತಿಯೂ ಹನ್ನೊಂದು ವರ್ಷ ಸಪ್ಪೆ ಊಟವನ್ನೇ ಉಂಡಿದ್ದಳು. ಅವನು ಫೋನ್ ಮಾಡಿ ಅವಳಿಗೆ ವಿಷಯ ಹೇಳಿದ.

"ರೀ, ನಾನು ಈಗಲೇ ಹೋಗಿ ಮೆಣಸಿನಕಾಯಿ ತಂದಿಟ್ಟಿರ್ತೀನಿ" ಎಂದಳು. "ನಿಮ್ಮ ನಾಲಿಗೆ ಕಾಯ್ದು ಕಾಯ್ದು ನನ್ನ ನಾಲಿಗೆ ಸತ್ತೇ ಹೋಗಿದೆ. ಇವತ್ತು ಕಣ್ಣಲ್ಲಿ ನೀರು ಬರೋ ಹಾಗೆ ಅಡಿಗೆ ಮಾಡ್ತೀನಿ. ಬರಿಗೈಲಿ ಮಾತ್ರ ಬರಬೇಡಿ."

ಹಂಗಾಮಿ ಕಪ್ಪು ತೊಳೆಯುವ ಅಜ್ಜಿಯನ್ನು ಕರೆದು, ಉಗುಳುವ ಪೀಕದಾನಿಯನ್ನು ಮೂರು ಸಲ ಉಜ್ಜಿಸಿದ. ವಿದೇಶದ ಬಿಯರಿಗೆ ನಿನ್ನೆಯ ಟೀ ವಾಸನೆ ತಗುಲಬಾರದಲ್ಲ. ಅಂದಿನ ಟೀ ಕಪ್ಪುಗಳನ್ನೆಲ್ಲ ನಾಳೆಗೆ ಮುಂದೂಡಿದ. ಆಮೇಲೆ ಬಾಟಲಿಯ ಮುಂದೆ ನಿಂತ. ಅದರ ತಂತಿಯನ್ನು ಹೇಗೆ ಬಿಚ್ಚಬೇಕೋ ಅವನಿಗೆ ತಿಳಿಯಲಿಲ್ಲ.

ಇಂಥ ಹೊತ್ತಿಗೆ ಕರೆಯದೆ ಬರುವವನೆಂದರೆ ಪ್ಯಾಕಿಂಗ್ ವಿಭಾಗದ ಮೇಲ್ವಿಚಾರಕ. ಅವನಿಗೆ ಗೊತ್ತಿಲ್ಲದ ವಿಷಯ ಜಗತ್ತಿನಲ್ಲೇ ಇರಲಿಲ್ಲ. ಅದಕ್ಕೆ ಅವನ ಅಡ್ಡಹೆಸರು ಎಲ್ಲಬಲ್ಲ.

"ಬಿಡಿ ಬಿಡಿ, ನಿಮ್ಮ ಕೈಲಾಗಲ್ಲ. ಇಂಥವನ್ನ ನಾನು ಎಷ್ಟು ಬಿಚ್ಚಿದೀನೋ" ಎನ್ನುತ್ತಾ ಅವನು ಬಾಟಲಿಯನ್ನು ಕಂಕುಳಲ್ಲಿ ಇರುಕಿಕೊಂಡು, ತಂತಿ ಕಿತ್ತು, ಬುಡಕ್ಕೆ ಎರಡು ಏಟು ಕೊಟ್ಟ. ಬಿರಡೆ ಢಬ್ ಎಂದು ಹಾರಿ ಗೋಡೆ ಗಡಿಯಾರದ ಹಣೆಗೆ ಬಡಿಯಿತು. ಕಾಲು ಬಾಟಲಿ ನೊರೆ ಅವನ ಅಂಗಿಯ ಪಾಲಾಯಿತು. ಗಡಿಯಾರ ಒಂದು ಕ್ಷಣ ತಡೆದು ಮತ್ತೆ ಟಿಕ್ ಎಂದಿತು. ಅಲ್ಲಿಂದ ಮುಂದೆ ಅದು ಕುಂಟುತ್ತಾ ನಡೆಯತೊಡಗಿದ್ದನ್ನು ಯಾರೂ ಗಮನಿಸಲಿಲ್ಲ.

"ನೋಡಿದ್ರಾ, ಹೀಗೆ" ಎಂದ ಎಲ್ಲಬಲ್ಲ, ಅಂಗಿ ಹಿಂಡಿಕೊಳ್ಳುತ್ತಾ.

ಹಂಗಾಮಿ ಅವನನ್ನು ಹೊರಗೆ ದಬ್ಬಿ ಬಾಗಿಲು ಹಾಕಿಕೊಂಡ. ಟೀಗೆ ಹೇಗೋ ಹಾಗೇ ಬಿಳಿ ಪಿಂಗಾಣಿ ಕಪ್ಪಿಗೆ ಬಿಯರು ಸುರಿದು, ಮೇಲೆ ಮುಚ್ಚಳ ಮುಚ್ಚಿ, ಆರು ನಿಮಿಷಕ್ಕೆ ಟೈಮರು ತಿರುಗಿಸಿಟ್ಟ. ಬಿಯರನ್ನು ಆರು ನಿಮಿಷ ಮುಚ್ಚಿಡಬೇಕೆಂದು ಯಾವ ದೇಶದಲ್ಲೂ ಇಲ್ಲ. ಆದರೆ ಇಪ್ಪತ್ತೆರಡು ವರ್ಷದ ಕೈ ಅದು, ಕೇಳಬೇಕಲ್ಲ.

ಟೈಮರು ಕಿರ್ರೆಂದಿತು. ಮುಚ್ಚಳ ತೆಗೆದ. ಬಣ್ಣ ನೋಡಿದ. ಕಪ್ಪು ಎಂದುಕೊಂಡಿದ್ದು ಬೆಳಕಿಗೆ ಹಿಡಿದಾಗ ಕೆಂಪಾಗಿತ್ತು, ಹಳೆಯ ಮರದ ಕುರ್ಚಿಯ ಕೈ ಸವೆದು ಹೊಳೆಯುವಂಥ ಕೆಂಪು. ಮೂಗು ಹತ್ತಿರ ತಂದ. ಮೊದಲು ಒಣದ್ರಾಕ್ಷಿ. ಅದರ ಹಿಂದೆಯೇ ಬಾಣಲೆಯ ಅಂಚಿನಲ್ಲಿ ಸೀದ ಸಕ್ಕರೆ. ಅವೆರಡೂ ಸರಿದ ಮೇಲೆ, ನಾಚಿಕೊಂಡು ಹಿಂದೆ ನಿಂತಿದ್ದ ಒಂದೇ ಒಂದು ಲವಂಗ. ಹಂಗಾಮಿ ಚಮಚದಲ್ಲಿ ಎತ್ತಿ, ಕೋಣೆಯ ಕಿಟಕಿ ಅದುರುವಂತೆ ಸೊರ್ರೆಂದು ಎಳೆದುಕೊಂಡ.

ಏನು ಹೇಳಲಿ! ಇಪ್ಪತ್ತೆರಡು ವರ್ಷಗಳಲ್ಲಿ ಆ ನಾಲಿಗೆಯ ಮೇಲೆ ಇಂಥ ಅತಿಥಿ ಬಂದಿರಲಿಲ್ಲ. ಟೀಯ ಕಹಿ ಬಾಗಿಲನ್ನು ದಬದಬ ಬಡಿಯುವಂಥದ್ದು. ಇದರ ಕಹಿ ಕೇಳಿಕೊಂಡು ಒಳಗೆ ಬಂತು, ಕೂತುಕೊಂಡಿತು, ಏಳಲು ಅವಸರ ಮಾಡಲಿಲ್ಲ. ಸಿಹಿ ಇತ್ತು, ಆದರೆ ಮೈಮೇಲೆ ಬೀಳುವ ಸಿಹಿಯಲ್ಲ. ಎಲ್ಲೋ ದೂರದಲ್ಲಿ ಯಾರೋ ಕಾಣದ ಮನುಷ್ಯ ತಿಂಗಳುಗಟ್ಟಲೆ ಕಾದು, ಅವಸರಪಡದೆ ಮಾಡಿದ ಕೆಲಸ ಇದು ಎಂದು ಹಂಗಾಮಿಗೆ ನಾಲಿಗೆಯಿಂದಲೇ ಗೊತ್ತಾಯಿತು. ಅವನ ಕಣ್ಣು ತೇವವಾಯಿತು. ಅದೇ ಗಳಿಗೆಯಲ್ಲಿ, ಮನಸ್ಸು ಬೇಡ ಬೇಡ ಎನ್ನುತ್ತಿದ್ದಂತೆಯೇ, ಕತ್ತು ತಾನಾಗಿ ಎಡಕ್ಕೆ ತಿರುಗಿ ಅಷ್ಟನ್ನೂ ಪೀಕದಾನಿಗೆ ಉಗಿದುಬಿಟ್ಟಿತು.

ರುಚಿಗಾರ ನುಂಗುವ ಹಾಗಿಲ್ಲ. ನುಂಗಿದರೆ ಅರವತ್ತನೇ ಕಪ್ಪಿಗೆ ಹೊಟ್ಟೆ ಕೆರೆಯಾಗುತ್ತದೆ. ಅಭ್ಯಾಸ ಅಷ್ಟು ಗಟ್ಟಿಯಾಗಿತ್ತು.

ಹಂಗಾಮಿ ವರದಿಯ ಹಾಳೆ ಎಳೆದುಕೊಂಡು, ನಾಲಿಗೆ ಹೇಳಿದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಬರೆದು ಅಂಕ ಹಾಕಿದ. ಬಣ್ಣಕ್ಕೆ ಇಪ್ಪತ್ತಕ್ಕೆ ಇಪ್ಪತ್ತು. ವಾಸನೆಗೆ ಇಪ್ಪತ್ತು. ರುಚಿಗೆ ನಲವತ್ತಕ್ಕೆ ಮೂವತ್ತೆಂಟು, ಎರಡು ಅಂಕ ದೃಷ್ಟಿ ತಾಗದಿರಲೆಂದು. ಕೊನೆಯ ಸಾಲಿಗೆ ಬಂದಾಗ ಪೆನ್ನು ನಿಂತಿತು. 'ನುಂಗಿದ ಮೇಲೆ ಉಳಿಯುವ ರುಚಿ: ಇಪ್ಪತ್ತು ಅಂಕ' ಎಂದು ಅಚ್ಚಾಗಿತ್ತು. ಅಂದರೆ ನುಂಗಲೇಬೇಕು. ಆ ಯೋಚನೆಗೇ ಅವನ ಬಾಯಲ್ಲಿ ನೀರೂರಿತು.

ಆದರೆ ವೃತ್ತಿಯ ಕಟ್ಟಳೆ ಕಟ್ಟಳೆಯೇ. ದೊಡ್ಡ ರುಚಿಯೊಂದನ್ನು ನೋಡಿದ ಮೇಲೆ ನಾಲಿಗೆಗೆ ಒಂದು ಗಂಟೆ ವಿಶ್ರಾಂತಿ ಕೊಡಬೇಕು. ಬಿಸಿನೀರಲ್ಲಿ ಬಾಯಿ ಮುಕ್ಕಳಿಸಿ, ಯಾರ ಜೊತೆಗೂ ಮಾತಾಡದೆ ಗಾಳಿಯಲ್ಲಿ ಕೂತಿರಬೇಕು. ಹಂಗಾಮಿ ಕಪ್ಪಿನಲ್ಲಿ ಉಳಿದದ್ದನ್ನು ಬಾಟಲಿಗೇ ಮರಳಿ ಸುರಿದು, ಅದರ ಬಾಯಿಗೆ ಕಪ್ಪೊಂದನ್ನು ಬೋರಲು ಹಾಕಿ, ತಾರಸಿಗೆ ಹೋಗಿ, ನೀರಿನ ಟ್ಯಾಂಕಿಗೆ ಒರಗಿ ಕಣ್ಣು ಮುಚ್ಚಿಕೊಂಡ. ಮನಸ್ಸು ಆ ಒಂದು ಗುಟುಕಿನ ಸುತ್ತಲೇ ಸುತ್ತುತ್ತಿತ್ತು. ಒಂದು ಗಂಟೆ ಎಂದುಕೊಂಡಿದ್ದು ಎರಡು ಗಂಟೆಯ ನಿದ್ದೆಯಾಯಿತು.

ಕೆಳಗೆ ಏನಾಯಿತೆಂದು ನಾನು ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ಮೊದಲು ಎಲ್ಲಬಲ್ಲ ಬಂದ. "ಬೆಳಿಗ್ಗೆ ಬಿಚ್ಚಿದವನು ನಾನು, ಹಾಳಾಗಿಲ್ಲ ತಾನೇ ನೋಡಬೇಕಲ್ಲ" ಎಂದು ಒಂದು ಚಮಚ ನೋಡಿದ. ಆಮೇಲೆ ಟೈಪಿಸ್ಟ್ ಅಕ್ಕ ಬಂದಳು. ಅವಳ ಹಿಂದೆ ಡ್ರೈವರು, ಡ್ರೈವರಿನ ಹಿಂದೆ ಪ್ಯಾಕಿಂಗಿನ ಹತ್ತು ಜನ.

"ಒಂದೊಂದೇ ಚಮಚ" ಎಂದು ಎಲ್ಲಬಲ್ಲ ಕಟ್ಟಪ್ಪಣೆ ಮಾಡಿದ. "ರುಚಿ ನೋಡಿ ಉಗೀಬೇಕು. ಅದೇ ಇಲ್ಲಿಯ ಪದ್ಧತಿ."

ಎಲ್ಲರೂ ರುಚಿ ನೋಡಿದರು. ಉಗಿಯುವುದು ಯಾರಿಗೂ ನೆನಪಾಗಲಿಲ್ಲ. ನೆನಪಿಸಿಕೊಂಡವರು, ಈಗ ಸರಿಯಾಗಿ ಉಗಿಯುತ್ತೇವೆಂದು ಎರಡನೇ ಚಮಚ ತೆಗೆದುಕೊಂಡರು. ಡ್ರೈವರು ಬಾಟಲಿಯನ್ನು ಓರೆ ಮಾಡಿ ಒಳಗೆ ನೋಡಿದಾಗ ಅಲ್ಲಿ ಬರೀ ಬೆಳಕು ಕಾಣಿಸಿತು. ಎಲ್ಲರ ಮುಖವೂ ಸುಣ್ಣ ಬಳಿದ ಹಾಗಾಯಿತು.

"ಅಯ್ಯೋ, ಪಾಪ, ಅವರ ಆರ್ಡರು" ಎಂದು ಟೈಪಿಸ್ಟ್ ಅಕ್ಕ ಕೂತಲ್ಲೇ ಅಳಲು ಶುರುಮಾಡಿದಳು.

"ಗಾಬರಿ ಯಾಕೆ. ಕಪ್ಪಗಿರಬೇಕು, ಕಹಿ ಇರಬೇಕು, ನೊರೆ ಬರಬೇಕು, ಅಷ್ಟೇ ತಾನೇ" ಎಂದ ಎಲ್ಲಬಲ್ಲ. "ನಾವು ಇರೋದು ಟೀ ಕಂಪನಿಯಲ್ಲಿ ಕಣ್ರೀ."

ಹಂಗಾಮಿ ತಾರಸಿಯಿಂದ ಇಳಿದು ಬಂದಾಗ ಬಾಟಲಿ ಇದ್ದಲ್ಲೇ ಇತ್ತು, ಕಪ್ಪು ಬೋರಲಾಗಿಯೇ ಇತ್ತು. ಗಡಿಯಾರ ಎರಡೂವರೆ ತೋರಿಸುತ್ತಿತ್ತು. ಸಾಕಷ್ಟು ಹೊತ್ತಿದೆ ಎಂದುಕೊಂಡ. ಕಿಟಕಿ ಮುಚ್ಚಿ, ನೆಟ್ಟಗೆ ನಿಂತು, ಲೋಟಕ್ಕೆ ಸುರಿದು ತುಟಿಗೆ ಹಚ್ಚಿ, ಆ ಕೋಣೆಯಲ್ಲಿ ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಬಾರಿಗೆ ನುಂಗಿದ.

ನುಂಗಿ ಹಾಗೇ ನಿಂತ.

ಮುನ್ನೂರ ಹದಿನೇಳನೇ ಲಾಟು. ಡಸ್ಟ್ ಟೀಪುಡಿ. ಮೂರನೇ ಗೋಣಿಯ ತಳದ್ದು. ಸೋಡಾ. ಸೀಯಿಸಿದ ಸಕ್ಕರೆ. ನಾಲಿಗೆ ಕೋರ್ಟಿನ ಗುಮಾಸ್ತೆಯ ಹಾಗೆ ಒಂದೊಂದನ್ನೇ ಓದಿ ಹೇಳಿತು. ಅವನು ನಿಧಾನಕ್ಕೆ ಬಾಗಿಲ ಗಾಜಿನತ್ತ ತಿರುಗಿದ. ಗಾಜಿಗೆ ಒತ್ತಿಕೊಂಡಿದ್ದ ಹದಿಮೂರು ಮೂಗುಗಳು ಒಟ್ಟಿಗೆ ಹಿಂದೆ ಸರಿದವು.

ಎಲ್ಲಬಲ್ಲ ಒಳಗೆ ಬಂದು ಕೈ ಮುಗಿದ. ಅವನು ಕೈ ಮುಗಿದದ್ದನ್ನು ಆ ಕಂಪನಿಯಲ್ಲಿ ಯಾರೂ ಕಂಡಿರಲಿಲ್ಲ. "ಒಂದೊಂದೇ ಚಮಚ ಅಂದಿದ್ದೆ. ಜನ ಜಾಸ್ತಿ ಆದ್ರು. ಯಜಮಾನ್ರಿಗೆ ಗೊತ್ತಾದ್ರೆ ನಮ್ಮ ಹದಿಮೂರು ಜನರ ಕೆಲಸ ಹೋಗುತ್ತೆ. ನೀವು ದೊಡ್ಡ ಮನಸ್ಸು ಮಾಡಬೇಕು."

ಹಂಗಾಮಿಗೆ ಅಳಬೇಕೆನಿಸಿತು. ಕೆಲಸಕ್ಕಲ್ಲ, ಆ ಬಿಯರಿಗೆ. ಅದನ್ನು ಇನ್ನೊಮ್ಮೆ ನೋಡುವ ಯೋಗ ಇನ್ನೆಲ್ಲಿ. ಆದರೂ ಅವನು ಕೆಟ್ಟವನಲ್ಲ. "ಹೋಗಿ, ನಿಮ್ಮ ನಿಮ್ಮ ಕೆಲಸ ನೋಡ್ಕೊಳ್ಳಿ" ಎಂದ. ಅವರು ಹೋದ ಮೇಲೆ ವರದಿಯ ಕೊನೆಯ ಸಾಲನ್ನು ತುಂಬಾ ಹೊತ್ತು ದಿಟ್ಟಿಸಿದ. ನುಂಗಿದ್ದರೆ ಹೇಗಿರುತ್ತಿತ್ತು ಎಂದು ಕಣ್ಣು ಮುಚ್ಚಿ ನೆನೆದ. ಇಪ್ಪತ್ತಕ್ಕೆ ಹತ್ತೊಂಬತ್ತು ಬರೆದ. ನಾಲಿಗೆ ಕೊಡದ ಅಂಕವನ್ನು ಅವನು ಬರೆದದ್ದು ಅದೇ ಮೊದಲು. ಒಟ್ಟು ತೊಂಬತ್ತೇಳು. ಕೆಳಗೆ ಒಂದು ಸಾಲು ಸೇರಿಸಿದ: 'ಇದನ್ನು ಮಾಡಿದವರ ಕೈಗೆ ನನ್ನ ನಮಸ್ಕಾರ.'

ಇನ್ನು ಉಳಿದದ್ದು ಸಾಕ್ಷಿ ಅಳಿಸುವುದು. ಗಡಿಯಾರದಲ್ಲಿ ಇನ್ನೂ ಮೂರಾಗಿರಲಿಲ್ಲ. ಬಾಟಲಿಯನ್ನು ತೊಟ್ಟಿಗೆ ಬಗ್ಗಿಸಿ, ರುಚಿ ನೋಡಿ ಮುಗಿಯಿತು ಎಂದು ಹೇಳಿದರಾಯಿತು ಎಂದು ಅದನ್ನು ಓರೆ ಮಾಡಿದ್ದನಷ್ಟೇ, ಬಾಗಿಲು ತೆರೆಯಿತು.

"ಅರೆ, ಅಂಥ ಸಾಮಾನನ್ನ ತೊಟ್ಟಿಗೆ ಯಾಕಯ್ಯಾ ಬಗ್ಗಿಸ್ತಿದೀಯ" ಎಂದರು ಯಜಮಾನರು. ಹಿಂದೆ ಭಾವಮೈದ, ಕೈಯಲ್ಲಿ ಎರಡು ಲೋಟ. ಅವರ ಕೈಗಡಿಯಾರದಲ್ಲಿ ಸರಿಯಾಗಿ ನಾಲ್ಕು.

"ಬಾಟಲಿ ಒರೆಸ್ತಿದ್ದೆ ಸರ್" ಎಂದ ಹಂಗಾಮಿ.

ಯಜಮಾನರು ಬಾಟಲಿ ಕಸಿದುಕೊಂಡು ಎರಡೂ ಲೋಟ ತುಂಬಿಸಿದರು. ಒಂದು ಕೈಯಲ್ಲಿ ಲೋಟ, ಇನ್ನೊಂದರಲ್ಲಿ ವರದಿ ಹಿಡಿದು, ಒಂದು ಗುಟುಕು ಕುಡಿಯುವುದು, ಒಂದು ಸಾಲು ಓದುವುದು. "ಒಣದ್ರಾಕ್ಷಿ. ಹೌದು, ಇದೆ. ಸೀದ ಸಕ್ಕರೆ. ಆಹಾ, ಅದೂ ಇದೆ. ಕೇಳಿಕೊಂಡು ಒಳಗೆ ಬರೋ ಕಹಿ. ಎಷ್ಟು ಚೆನ್ನಾಗಿ ಬರೆದಿದಾನೆ ನೋಡೋ. ಒಂದಕ್ಷರ ಆಚೀಚೆ ಇಲ್ಲ."

ಭಾವಮೈದ ಒಂದು ಲೋಟ ಮುಗಿಸಿದ. ಮತ್ತೆ ಬಗ್ಗಿಸಿಕೊಂಡು ಎರಡನೆಯದನ್ನೂ ಮುಗಿಸಿದ. ಆಮೇಲೆ ತನ್ನ ಎರಡು ಕಿವಿಗಳನ್ನೂ ಮುಟ್ಟಿ ನೋಡಿಕೊಂಡ.

"ಭಾವ, ಇದು ನನ್ನ ಬಿಯರಲ್ಲ" ಎಂದ. "ಅದನ್ನ ಗೋಡೌನಲ್ಲಿ ಒಂದು ಸಲ ಕುಡಿದಿದ್ದೆ. ಎರಡನೇ ಗುಟುಕಿಗೇ ಕಿವಿ ಕಾದು ಹೋಗುತ್ತೆ. ಈಗ ನೋಡಿ, ಎರಡು ಲೋಟ ಆಯ್ತು, ಕಿವಿ ತಣ್ಣಗಿದೆ. ಇದು ಟೀ ಇದ್ದ ಹಾಗಿದೆ."

ಬಾಗಿಲ ಗಾಜಿನಲ್ಲಿ ಮೂಗುಗಳು ಮತ್ತೆ ಮೂಡಿದ್ದವು. ಯಜಮಾನರ ಮುಖ ಕೆಂಪೇರಿತು. "ಟೀನಾ? ಟೀ ಕುಡಿದು ಬಿಯರು ಅಂತ ತೊಂಬತ್ತೇಳು ಅಂಕ ಕೊಟ್ಟಿದಾನಾ? ಇಪ್ಪತ್ತೆರಡು ವರ್ಷ ನನ್ನ ಅನ್ನ ತಿಂದ ರುಚಿಗಾರನಿಗೆ ಟೀ ಯಾವುದು ಅಂತ ಗೊತ್ತಾಗಲಿಲ್ವಾ?"

ತನಗೆ ಗೊತ್ತಾಗಲಿಲ್ಲ ಎಂದುಬಿಟ್ಟರೆ ಹದಿಮೂರು ಜನ ಉಳಿಯುತ್ತಿದ್ದರು. ಹಂಗಾಮಿ ಹಾಗೆ ಹೇಳಲೆಂದೇ ಬಾಯಿ ತೆರೆದ. ಆದರೆ ಆ ನಾಲಿಗೆಗೆ ಅದರದೇ ಒಂದು ಮಾನ ಇತ್ತು, ಅದು ಯಜಮಾನನ ಮಾತನ್ನೂ ಕೇಳಲಿಲ್ಲ, ಒಡೆಯನ ಮಾತನ್ನೂ ಕೇಳಲಿಲ್ಲ.

"ಮುನ್ನೂರ ಹದಿನೇಳನೇ ಲಾಟು ಸರ್" ಎಂದಿತು. "ಡಸ್ಟು. ಮೂರನೇ ಗೋಣಿಯ ತಳದ್ದು. ಮೂರೂವರೆ ನಿಮಿಷ ಕುದಿಸಿದಾರೆ, ನಾಲ್ಕು ಬೇಕಿತ್ತು. ನೀರು ಹಿತ್ತಲ ನಲ್ಲೀದು, ಫಿಲ್ಟರಿನದಲ್ಲ. ಸಕ್ಕರೆ ಸೀಯಿಸಿ ಹಾಕಿದಾರೆ. ಮೂರರಲ್ಲೊಂದು ಪಾಲು ಸೋಡಾ. ಟೈಪಿಸ್ಟ್ ಅಕ್ಕನ ಕೆಮ್ಮಿನ ಡಬ್ಬೀದು ಒಂದು ಲವಂಗ. ಕದಡಿರೋದು ಪ್ಯಾಕಿಂಗಿನವರ ಸ್ಟೀಲ್ ಅಡಿಕೋಲಲ್ಲಿ."

ಯಜಮಾನರು ಬಾಯಿ ತೆರೆದುಕೊಂಡು ಕೂತರು. ಭಾವಮೈದ ಲೋಟವನ್ನು ಬೆಳಕಿಗೆ ಹಿಡಿದು ನೋಡಿದ, ಅಡಿಕೋಲು ಅದರಲ್ಲಿ ಕಾಣುತ್ತದೇನೋ ಎಂಬಂತೆ. ಬಾಗಿಲು ತಳ್ಳಿಕೊಂಡು ಬಂದ ಎಲ್ಲಬಲ್ಲ, "ಅಪ್ಪಟ ಸತ್ಯ ಸರ್. ಅಡಿಕೋಲು ನಂದೇ" ಎಂದು ತಲೆ ತಗ್ಗಿಸಿದ. ಹಂಗಾಮಿ ಉಳಿದದ್ದನ್ನೂ ಹೇಳಿದ. ಅಸಲಿ ಬಿಯರಿನ ಒಂದೇ ಒಂದು ಗುಟುಕು ಸಿಕ್ಕಿದ್ದು, ಅದನ್ನು ಉಗಿದದ್ದು, ವರದಿಯೆಲ್ಲ ಆ ಗುಟುಕಿನದೇ ಎಂಬುದು.

"ಇಂಥ ನಾಲಿಗೆ ನಾನು ಕಂಡಿಲ್ಲ, ಕೇಳಿಲ್ಲ" ಎಂದರು ಯಜಮಾನರು, ಎದ್ದು ನಿಂತು. ಗಾಜಿನಾಚೆ ಹದಿಮೂರರಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಹಂಗಾಮಿಗೆ ಮನೆಯಲ್ಲಿ ಬಾಣಲೆಗೆ ಬೀಳುವ ಮೆಣಸಿನಕಾಯಿಯ ಸದ್ದೇ ಕೇಳಿಸಿದಂತಾಯಿತು. ಯಜಮಾನರು ಟೈಪಿಸ್ಟ್ ಅಕ್ಕನಿಗೆ ಡ್ರಾಯರಿನಿಂದ ಆ ಕಾಗದ ತರಲು ಹೇಳಿದರು.

"ಭಾವ, ಒಂದು ನಿಮಿಷ" ಎಂದ ಭಾವಮೈದ. ಅವನು ಬಾಟಲಿಯಲ್ಲಿದ್ದ ಕೊನೆಯ ಹನಿಯನ್ನೂ ಬಸಿದುಕೊಂಡು ಕುಡಿದಿದ್ದ. "ಹಡಗಿಗೆ ಕಾಯೋದು ಬೇಡ, ಪರವಾನಗಿ ಬೇಡ, ಕುಡಿದವರ ಕಿವಿ ಕಾಯಲ್ಲ, ಮನೇಲಿ ಯಾರೂ ಬೈಯಲ್ಲ. ನಾನು ಮಾರೋದಾದ್ರೆ ಇದನ್ನೇ ಮಾರ್ತೀನಿ. ಇದನ್ನ ಮಾಡಿದ್ದು ಯಾರು?"

"ನಾನು" ಎಂದ ಎಲ್ಲಬಲ್ಲ. ತಲೆ ಎತ್ತಿದ. "ಇಂಥವನ್ನ ಎಷ್ಟು ಮಾಡಿದೀನೋ."

ಯಜಮಾನರು ಒಮ್ಮೆ ಭಾವಮೈದನನ್ನು ನೋಡಿದರು, ಒಮ್ಮೆ ಖಾಲಿ ಲೋಟವನ್ನು ನೋಡಿದರು. ಕಾಗದ ತೆಗೆದುಕೊಂಡು, ಹೆಸರಿನ ಖಾಲಿ ಜಾಗದಲ್ಲಿ ಕೈಯಾರೆ ಎಲ್ಲಬಲ್ಲನ ಹೆಸರು ಬರೆದು ಸಹಿ ಹಾಕಿದರು. "ರುಚಿ ನೋಡೋದು ದೊಡ್ಡದು, ಒಪ್ಪಿದೆ. ರುಚಿ ಹುಟ್ಟಿಸೋನು ಅದಕ್ಕಿಂತ ದೊಡ್ಡೋನು. ಇವತ್ತಿಂದ ಇವನೇ ಮುಖ್ಯ ರುಚಿಗಾರ." ಹಂಗಾಮಿಯ ಹೆಗಲ ಮೇಲೆ ಕೈ ಇಟ್ಟರು. "ನೀನು ಬೇಜಾರು ಮಾಡ್ಕೋಬೇಡ. ಇವನಿಗೆ ಟೀ ರುಚಿ ನೋಡೋಕೆ ಬರಲ್ಲ. ಕಲಿಯೋ ತನಕ ಆ ಕೆಲಸ ಹಂಗಾಮಿಯಾಗಿ ನೀನೇ ನೋಡ್ಕೋ."

"ಈ ವರದಿ ನನಗೆ ಬೇಕು" ಎಂದ ಭಾವಮೈದ, ಹಾಳೆಯನ್ನು ಮಡಿಸಿ ಜೇಬಿಗೆ ಹಾಕುತ್ತಾ. "ಮೇಲಿನ ಹೆಸರು ಬದಲಾಯಿಸಿದ್ರೆ ಸಾಕು. ತೊಂಬತ್ತೇಳು, ದೊಡ್ಡ ಅಕ್ಷರದಲ್ಲಿ."

"ಅದು ಆ ಬಿಯರಿನ ಅಂಕ" ಎಂದ ಹಂಗಾಮಿ. "ಸರ್, ಗೋಡೌನಲ್ಲಿ ಇನ್ನೊಂದೇ ಒಂದು ಬಾಟಲಿ..."

"ಎಲ್ಲಾ ಇವತ್ತೇ ಹಡಗಿಗೆ ವಾಪಸ್ ಹಾಕಿಸ್ತೀನಿ. ಇನ್ನು ಅದು ಯಾರಿಗೆ ಬೇಕು."

ಅವರೆಲ್ಲ ಎಲ್ಲಬಲ್ಲನ ಬೆನ್ನು ತಟ್ಟುತ್ತಾ ಹೊರಟುಹೋದರು. ಫೋನ್ ಹೊಡೆದುಕೊಂಡಿತು. "ರೀ, ಒಗ್ಗರಣೆಗೆ ಎಣ್ಣೆ ಇಟ್ಟಿದೀನಿ. ಮೆಣಸಿನಕಾಯಿ ಹಾಕ್ಲಾ?" ಎಂದಳು ಹೆಂಡತಿ.

ಹಂಗಾಮಿ, "ಒಲೆ ಆರಿಸೇ" ಎಂದ.

ಅಜ್ಜಿ ಕಪ್ಪುಗಳನ್ನು ಒಟ್ಟುಮಾಡಿ ಪೀಕದಾನಿಗೆ ಕೈ ಹಾಕಿದಳು. "ಇಷ್ಟು ವರ್ಷ ತೊಳೆದಿದೀನಿ ಕಣಪ್ಪಾ, ಇದು ಘಮ ಅನ್ನೋದನ್ನ ಇವತ್ತೇ ನೋಡಿದ್ದು. ಏನಿದೆ ಇದರಲ್ಲಿ?"

ಹಂಗಾಮಿ ಬಗ್ಗಿದ. ಒಣದ್ರಾಕ್ಷಿ. ಸೀದ ಸಕ್ಕರೆ. ಹಿಂದೆ ನಾಚಿಕೊಂಡು ನಿಂತ ಲವಂಗ. ಇಡೀ ಕಟ್ಟಡದಲ್ಲಿ ಅಸಲಿ ಬಿಯರು ಎಂದು ಉಳಿದಿದ್ದದ್ದು ಅಷ್ಟೇ. ಅವನು ಸ್ವಲ್ಪ ಹೊತ್ತು ಹಾಗೇ ಬಗ್ಗಿ ನಿಂತಿದ್ದ.

"ತೊಳೀಲಾ ಬೇಡ್ವಾ?" ಎಂದಳು ಅಜ್ಜಿ.

"ಇನ್ನೊಂದು ಐದು ನಿಮಿಷ ಇರಲಿ ಅಜ್ಜಿ" ಎಂದು ಹಂಗಾಮಿ ಅದರ ಮೇಲೆ ಮುಚ್ಚಳ ಮುಚ್ಚಿದ.